ಸಂಜೆಯ ಸೊಪ್ಪು, ವಿಮಾನದ ಸೀಟು

ಸೊಪ್ಪು ಮಾರುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಬೆಳಿಗ್ಗೆ ಬೀಗುತ್ತಾ ಕೂತ ಕಟ್ಟು ಸಂಜೆಯಾಗುತ್ತಲೇ ಬಾಡುತ್ತದೆ. ಆಗ ಬಂದಷ್ಟಕ್ಕೆ ಕೊಟ್ಟು ಕೈ ತೊಳೆದುಕೊಳ್ಳಬೇಕು. ಮಾರ್ಕೆಟ್ಟಿನ ಮೂಲೆಯಲ್ಲಿ ಕೂರುವ ನಮ್ಮ ಸೊಪ್ಪಿನಕ್ಕ ಇದೇ ಲೆಕ್ಕವನ್ನು ವಿಮಾನದ ಟಿಕೆಟ್ಟಿಗೂ ಹಾಕಿದಳು. ಎಡವಟ್ಟಾಗಿದ್ದು ಅಲ್ಲೇ.

ಅವಳಿಗೆ ತನ್ನವರು ಅಂತ ಉಳಿದಿದ್ದವಳು ಒಬ್ಬಳೇ ತಂಗಿ. ಆ ತಂಗಿ ಇರುವುದು ಸಮುದ್ರದಾಚೆ. ಹೋಗಬೇಕೆಂದರೆ ವಿಮಾನವೇ ಗತಿ. ಹೋದ ವರ್ಷ ತಂಗಿಯ ಗಂಡ ತೀರಿಕೊಂಡ. "ಶಾಲೆಗೆ ರಜೆ ಬಿಟ್ಟಾಗ ಬಾ ಅಕ್ಕ. ಆಗ ಅಕ್ಕಪಕ್ಕದ ಮನೆಗೆಲ್ಲ ನೆಂಟರು ಬರ್ತಾರೆ. ನಮ್ಮನೆ ಬಾಗಿಲು ತಟ್ಟೋರೇ ಇಲ್ಲ" ಎಂದು ಫೋನಿನಲ್ಲಿ ಕರೆದಿದ್ದಳು. ಅಕ್ಕ ಹೂಂ ಎಂದಿದ್ದಳು.

ಮಾರ್ಕೆಟ್ಟಿನ ಎದುರಿಗೇ ಟಿಕೆಟ್ ಬುಕ್ ಮಾಡುವ ಅಂಗಡಿಯಿದೆ. ಅಲ್ಲಿನ ಹುಡುಗಿ ದಿನಾ ಕೊತ್ತಂಬರಿಗೆ ಬರುತ್ತಾಳೆ. "ಈಗಲೇ ತಗೊಂಡುಬಿಡಿ ಸೊಪ್ಪಿನಕ್ಕ, ಆಮೇಲೆ ಏರುತ್ತೆ" ಎಂದು ಅವಳು ಮೊದಲೇ ಹೇಳಿದ್ದಳು.

"ನನಗೇ ವ್ಯಾಪಾರ ಹೇಳಿಕೊಡ್ತೀಯೇನೇ? ಹೊರಡೋ ಹೊತ್ತಿಗೆ ಸೀಟು ಉಳಿದ್ರೆ ಇಟ್ಕೊಂಡು ಉಪ್ಪಿನಕಾಯಿ ಹಾಕ್ತಾರಾ? ಅರ್ಧಕ್ಕೆ ಕೊಟ್ಟೇ ಕೊಡ್ತಾರೆ" ಎಂದು ಸೊಪ್ಪಿನಕ್ಕ ನಕ್ಕಿದ್ದಳು.

ಕಾದಳು. ಬೆಲೆ ಏರಿತು. ಇನ್ನೂ ಕಾದಳು. ಇನ್ನೂ ಏರಿತು. ರಜೆ ಶುರುವಾಗುವ ಹೊತ್ತಿಗೆ ಅದು ಅವಳ ಕೈಗೆ ಎಟುಕದಷ್ಟಾಗಿತ್ತು. ತುಂಬಿಟ್ಟಿದ್ದ ಚೀಲವನ್ನು ಮಂಚದ ಕೆಳಗೆ ತಳ್ಳಿ ಫೋನ್ ಮಾಡಿದಳು.

"ಬರೋಕಾಗಲ್ಲ ಕಣೇ."

"ಪರವಾಗಿಲ್ಲ ಬಿಡು," ಎಂದಳು ತಂಗಿ. "ಎರಡು ತಟ್ಟೆ ತೊಳೆದಿಟ್ಟಿದ್ದೆ. ಒಂದನ್ನ ಒಳಗಿಡ್ತೀನಿ."

ರಜೆಯುದ್ದಕ್ಕೂ ಸೊಪ್ಪಿನಕ್ಕನ ಕೋಣೆಯ ಗೋಡೆಯಾಚೆ ನೆಂಟರ ನಗು, ಮಕ್ಕಳ ಗಲಾಟೆ. ತಂಗಿಯೂ ಹೀಗೇ ಗೋಡೆಗೆ ಕಿವಿಗೊಟ್ಟು ಕೂತಿರುತ್ತಾಳೆ ಎಂದು ನೆನೆದು ಅವಳಿಗೆ ಅಳು ಬಂತು. ಯಾಕೆ ಅಂತ ಕೇಳುವವರೂ ಇರಲಿಲ್ಲ. ತಾನೇ ಕಣ್ಣೊರೆಸಿಕೊಂಡು ಸ್ಟೌ ಹಚ್ಚಿದಳು.

ರಜೆ ಮುಗಿದ ಮೇಲೆ ಟಿಕೆಟ್ ಅಂಗಡಿಯ ಹುಡುಗಿ ಬಂದಳು.

"ನಿಮ್ಮ ವಿಮಾನದೋರು ಶುದ್ಧ ಮೋಸಗಾರರು" ಎಂದು ಸೊಪ್ಪಿನಕ್ಕ ಮುಖ ತಿರುಗಿಸಿದಳು.

"ಒಂದು ಮಾತು ಕೇಳ್ತೀನಿ, ಬೈಬೇಡಿ. ಮೊನ್ನೆ ಮಳೆಗೆ ಮಾರ್ಕೆಟ್ಟಿಗೆ ಸೊಪ್ಪೇ ಬಂದಿರಲಿಲ್ಲ, ನಿಮ್ಮ ಹತ್ರ ಮಾತ್ರ ನಾಲ್ಕು ಕಟ್ಟು ಉಳಿದಿತ್ತು. ಹೋಟೆಲಿನವನು ಏದುಸಿರು ಬಿಡ್ತಾ ಓಡಿಬಂದನಲ್ಲ, ಅವನಿಗೆ ಎಷ್ಟಕ್ಕೆ ಕೊಟ್ರಿ?"

ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದ ಸೊಪ್ಪಿನಕ್ಕ ತಂಬಿಗೆ ಕೆಳಗಿಟ್ಟಳು. "ದುಪ್ಪಟ್ಟು ಹೇಳ್ದೆ. ತಿರುಗಿ ಮಾತಾಡದೇ ತಗೊಂಡು ಹೋದ. ಅವನಿಗೆ ಬೇಕೇ ಬೇಕಿತ್ತಲ್ಲ."

"ವಿಮಾನಕ್ಕೆ ಕೊನೇ ಗಳಿಗೇಲಿ ಓಡಿಬರೋರೂ ಹಾಗೇ. ಕಾಯಿಲೆ, ಸಾವು, ಬಿಡೋಕಾಗದ ಕೆಲಸ. ಎಷ್ಟು ಹೇಳಿದ್ರೂ ಕೊಡ್ತಾರೆ. ಅಂಥೋರಿಗೆ ಅಂತಲೇ ಕೊನೇ ಸೀಟುಗಳ ಬೆಲೆ ಏರಿಸಿಟ್ಟಿರ್ತಾರೆ."

"ಮತ್ತೆ ನನ್ನಂಥೋರು?"

"ಬೆಲೆ ಏರಿದ್ರೆ ನೀವು ಮನೇಲೇ ಉಳೀತೀರಿ, ಇಳಿದ್ರೆ ಹೊರಡ್ತೀರಿ. ಅದು ಅವರಿಗೂ ಗೊತ್ತು. ಅದಕ್ಕೇ ಮಂಗಳವಾರದಂಥ ಜನ ಇಲ್ಲದ ದಿನಗಳಲ್ಲಿ ಇಳಿಸಿ ಕರೀತಾರೆ. ರಜೆಯಲ್ಲಿ ಕರೀದಿದ್ರೂ ಜನ ನುಗ್ತಾರೆ, ಆಗ್ಯಾಕೆ ಇಳಿಸ್ತಾರೆ?"

"ಕೊನೇಲಿ ಇಳಿಯೋದೇ ಇಲ್ವಾ?"

"ಒಮ್ಮೊಮ್ಮೆ ಇಳಿಯುತ್ತೆ. ಅದನ್ನ ನಂಬ್ಕೊಂಡು ತಂಗೀನ ಕಾಯಿಸ್ತೀರಾ?"

ಆ ಮಾತು ನೇರವಾಗಿ ನಾಟಿತು. ಅಂದೇ ತಂಗಿಗೆ ಫೋನ್ ಹೋಯಿತು.

"ರಜೆ ಇಲ್ಲದಾಗ ಬಂದ್ರೆ ಆಗಲ್ವೇನೇ? ಯಾವ್ದಾದ್ರೂ ಮಂಗಳವಾರ?"

"ಆಗ ಯಾರ ಮನೆಗೂ ಯಾರೂ ಬರಲ್ವಲ್ಲ ಅಕ್ಕ."

"ನಿಮ್ಮನೆಗೆ ನಾನು ಬರ್ತೀನಲ್ಲ. ಆಗ ಟಿಕೆಟ್ಟೂ ತುಂಬಾ ಕಡಿಮೆ."

"ಅಷ್ಟು ಕಡಿಮೆ ಅಂದ್ರೆ ಏನಾದ್ರೂ ಐಬು ಇರುತ್ತೆ, ನೋಡ್ಕೋ."

"ಅದೇ ವಿಮಾನ, ಅದೇ ಸೀಟು ಕಣೇ. ದಿನ ಮಾತ್ರ ಬೇರೆ." ತಂಗಿ ಮೊದಲ ಸಲ ನಕ್ಕಳು. "ಹಾಗಾದ್ರೆ ಬಾ" ಎಂದಳು.

ಟಿಕೆಟ್ ಕೈಗಿಡುವ ಮೊದಲು ಹುಡುಗಿ ಎಚ್ಚರಿಸಿದಳು: "ದಿನ ಬದಲಾಯಿಸಿದ್ರೆ ಮತ್ತೆ ಹಣ ಕೊಡಬೇಕಾಗಬಹುದು. ಸಾಮಾನಿಗೆ ಬೇರೆ ಹಣ ಇದ್ಯಾ ಅಂತ ಮೊದಲೇ ಕೇಳ್ಕೋಬೇಕು. ಕಡಿಮೆ ಬೆಲೇಗೆ ಮರುಳಾಗಿ ಅದನ್ನ ಮರೀಬಾರದು."

ಆ ಮಂಗಳವಾರ ವಿಮಾನ ನಿಲ್ದಾಣದಿಂದ ಹೊರಬಂದಾಗ ಬಾಗಿಲಲ್ಲಿ ಗದ್ದಲವಿರಲಿಲ್ಲ. ಕಂಬಿ ಹಿಡಿದು ಒಬ್ಬಳೇ ಹೆಂಗಸು ನಿಂತಿದ್ದಳು. ಎಷ್ಟು ಸೊರಗಿದ್ದಳೆಂದರೆ ಅಕ್ಕನಿಗೇ ಒಂದು ಕ್ಷಣ ಗುರುತು ಸಿಗಲಿಲ್ಲ. ಹೋದ ರಜೆಯಲ್ಲೇ ಬರಬೇಕಿತ್ತು ಎಂದುಕೊಂಡಳು. ತಂಗಿ ಅಕ್ಕನ ಕೈಯಿಂದ ಚೀಲ ತೆಗೆದುಕೊಂಡಳು.

"ಬೇಗ ನಡಿ ಅಕ್ಕ. ಎರಡೂ ತಟ್ಟೆ ಇಟ್ಟು ಬಂದಿದ್ದೀನಿ."

ಓದಿದ ನಿಮಗೂ ಒಂದು ಮಾತು. ಕೆಲವು ಪ್ರಯಾಣಗಳು ಹೇಳಿ ಕೇಳಿ ಬರುವುದಿಲ್ಲ. ಅವುಗಳ ಬೆಲೆ ನಮ್ಮ ಕೈಯಲ್ಲಿಲ್ಲ. ಆದರೆ ಮೊದಲೇ ಗೊತ್ತಿರುವ ಪ್ರಯಾಣವನ್ನು ಕೊನೆಯ ವಾರಕ್ಕೆ ತಳ್ಳಬೇಡಿ. ಎಲ್ಲರೂ ಹೊರಡುವ ದಿನವನ್ನು ಬಿಟ್ಟು ಬೇರೆ ದಿನಗಳ ಬೆಲೆಯನ್ನೂ ಕೇಳಿ ನೋಡಿ. ನಿಮಗಾಗಿ ಯಾರೋ ಒಬ್ಬರು ತಟ್ಟೆ ತೊಳೆದಿಟ್ಟುಕೊಂಡು ಕೂತಿರಬಹುದು. ಇವತ್ತೇ ವಿಚಾರಿಸಿ.