ಸೊಂಟಪಟ್ಟಿಯಲ್ಲಿ ನೂರ ಎಂಬತ್ತಾರು ಗ್ರಾಂ

ನನ್ನ ಹೆಂಡತಿ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದ ದಿನ ನನಗೆ ಹೊಟ್ಟೆಯಲ್ಲಿ ಉರಿ ಶುರುವಾಯಿತು. ಆರು ಗ್ರಾಂ ಉಳಿಯಿತು ಎಂದಳು. ಅವಳು ಔಷಧದಂಗಡಿಯಲ್ಲಿ ಕೆಲಸ ಮಾಡುವವಳು, ಗ್ರಾಮುಗಳ ಮೇಲೆ ಅವಳಿಗೆ ಮೊದಲಿನಿಂದಲೂ ಗೌರವ. ಆದರೆ ಬ್ರಷ್ ಕತ್ತರಿಸುವ ಬುದ್ಧಿ ಅವಳದಲ್ಲ, ಕಂಪಾಸಿನದು.

ಕಂಪಾಸು ಎಂದರೆ ಒಬ್ಬ ಮನುಷ್ಯ. ಜಮೀನು ಅಳೆಯುವ ಸರ್ವೇಯರ್. ಕಾಲು ಅಗಲಿಸಿ ನಡೆಯುತ್ತಾನೆ, ಕತ್ತಿನಲ್ಲಿ ಸದಾ ಒಂದು ದಿಕ್ಸೂಚಿ ನೇತಾಡುತ್ತಿರುತ್ತದೆ. ವರ್ಷಕ್ಕೆರಡು ಸಲ ನಾಲ್ಕೈದು ಜನರನ್ನು ಕಟ್ಟಿಕೊಂಡು, ಬೆನ್ನಿಗೆ ಚೀಲ ಹೊರಿಸಿ ಬೆಟ್ಟ ಹತ್ತಿಸುತ್ತಾನೆ. ಅವನ ಕಟ್ಟಳೆ ಎರಡೇ. ಚೀಲ ಏಳು ಕಿಲೋ ದಾಟಬಾರದು. ಫೋನ್ ತರಬಾರದು. ಈ ಸಲ ಅವನ ಗುಂಪಿನಲ್ಲಿ ನನ್ನ ಹೆಂಡತಿಯೂ ಹೊರಟಿದ್ದಳು.

"ಮೂರು ದಿನ ಫೋನ್ ಇಲ್ದೆನಾ?" ಎಂದು ಕೇಳಿದೆ.

"ಅಲ್ಲಿ ಸಿಗ್ನಲ್ಲೇ ಇರಲ್ಲ ರೀ. ಸುಮ್ನೆ ಹೊರೋದ್ಯಾಕೆ?"

"ಕಾಲು ಮುರ್ಕೊಂಡ್ರೆ?"

"ಶಿಳ್ಳೆ ಇದೆ."

"ನೀನು ಶಿಳ್ಳೆ ಊದಿದ್ರೆ ನನಗೆ ಕೇಳುತ್ತಾ?"

"ನಿಮಗ್ಯಾಕೆ ಕೇಳ್ಬೇಕು? ಪಕ್ಕದಲ್ಲಿ ಇರೋರಿಗೆ ಕೇಳಿದ್ರೆ ಸಾಕು."

ಪಕ್ಕದಲ್ಲಿ ಇರೋರು. ಆ ಮಾತು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು.

ಅಮ್ಮ ಬಟಾಣಿ ಸುಲಿಯುತ್ತ ಕೂತಿದ್ದಳು. "ಅವಳಿನ್ನೂ ಬೆಟ್ಟ ಹತ್ತಿಲ್ಲ, ಇವನು ಆಗ್ಲೇ ಗೋಡೆ ಹತ್ತಿದಾನೆ" ಎಂದಳು. "ಅಷ್ಟು ಸಂಕಟ ಆದ್ರೆ ನೀನೂ ಹೋಗಪ್ಪ."

ನನ್ನ ಮಂಡಿ ಬಿಡಬೇಕಲ್ಲ. ಇಪ್ಪತ್ತು ವರ್ಷ ಹೊಲಿಗೆ ಮಷಿನ್ ತುಳಿದ ಮಂಡಿ ಅದು. ನಾನು ಚೀಲ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಜಿಪ್ಪು ಕೆಟ್ಟ ಸೂಟ್‌ಕೇಸುಗಳು, ಕಿವಿ ಹರಿದ ಶಾಲೆ ಚೀಲಗಳು, ಒಂಟಿ ಬಕಲ್ಲುಗಳ ಒಂದು ಡಬ್ಬ. ಅವಳ ಬೆನ್ನುಚೀಲವನ್ನು ನಾನೇ ಮಾಡಿಕೊಟ್ಟಿದ್ದೆ. ಅಂಥ ಚೀಲದಲ್ಲಿ ಹೊರೆ ಹೆಗಲ ಮೇಲೆ ಕೂರಬಾರದು, ಸೊಂಟದ ಮೇಲೆ ಕೂರಬೇಕು. ಹಾಗಾಗಿ ಸೊಂಟಪಟ್ಟಿಯೇ ಅದರ ಜೀವ. ಟೇಪು ಹಿಡಿದು ಮೂರು ಸಲ ಅಳತೆ ತೆಗೆದು, ಒಳಗೆ ಎರಡು ಪದರ ಸ್ಪಂಜು ಕೊಟ್ಟು ಹೊಲಿದಿದ್ದೆ. ಅವಳು ಎಷ್ಟು ದೂರ ಹೋದರೂ ನನ್ನ ಕೈ ಅವಳ ಸೊಂಟ ಬಳಸಿಯೇ ಇರುತ್ತದೆ ಎಂದು ಒಳಗೊಳಗೇ ಹಿಗ್ಗಿದ್ದೆ.

ಹೊರಡುವ ಹಿಂದಿನ ದಿನ ಅವಳು ಚೀಲ ತೂಗಿದಳು. ಆರು ಕಿಲೋ ಒಂಬೈನೂರ ಎಂಬತ್ತು. ಉಳಿದ ಇಪ್ಪತ್ತು ಗ್ರಾಮಿಗೆ ಎಣಿಸಿ ನಾಲ್ಕು ಪೆಪ್ಪರಮೆಂಟು ಹಾಕಿ, ಪರೀಕ್ಷೆ ಪಾಸಾದ ಹುಡುಗಿಯ ಹಾಗೆ ನಕ್ಕಳು. ನಾನು ಮಾಡಿದ ಚೀಲದ ಮೇಲೆ, ಅವನ ಲೆಕ್ಕಕ್ಕೆ, ಆ ನಗು.

ಮರುದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಸೊಂಟಪಟ್ಟಿಯ ಹೊಲಿಗೆ ಬಿಚ್ಚಿದೆ. ಬಲಗಡೆಯ ಸ್ಪಂಜು ತೆಗೆದು, ಅಲ್ಲಿ ನನ್ನ ಹಳೆಯ ಫೋನನ್ನು ಶಬ್ದ ಅಡಗಿಸಿ ಇಟ್ಟೆ. ಅದು ಎಲ್ಲಿದೆ ಎಂದು ನನ್ನ ಹೊಸ ಫೋನಿನ ನಕ್ಷೆಯಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಅದೇ ದಾರ, ಅದೇ ತೂತುಗಳು, ಅದೇ ಹೊಲಿಗೆ. ಬ್ರಹ್ಮ ಬಂದರೂ ಗುರುತು ಹತ್ತದು. ಅವಳ ಕ್ಷೇಮಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಸೂಜಿ ಚುಚ್ಚಿ ಹೆಬ್ಬೆರಳಿನಲ್ಲಿ ರಕ್ತ ಬಂತು. ಇಪ್ಪತ್ತು ವರ್ಷದಲ್ಲಿ ಅದು ಎರಡನೆಯ ಸಲ.

ಒಂಬತ್ತಕ್ಕೆ ಚುಕ್ಕೆ ಬಸ್ಸಿನ ವೇಗದಲ್ಲಿ ಊರು ದಾಟಿತು. ಹನ್ನೊಂದಕ್ಕೆ ಬೆಟ್ಟದ ಬುಡ ಮುಟ್ಟಿತು. ಅಲ್ಲೇ ನಿಂತಿತು. ಹನ್ನೆರಡಕ್ಕೂ ಅಲ್ಲೇ, ಮೂರಕ್ಕೂ ಅಲ್ಲೇ. ಮೇಲೆ ಹೋಗಿದ್ದರೆ ಸಿಗ್ನಲ್ ಸಿಗದೆ ಚುಕ್ಕೆ ಆರಬೇಕಿತ್ತು, ಆರಿರಲಿಲ್ಲ. ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಚುಕ್ಕೆಯಿಂದ ಕೂಗಳತೆಯಲ್ಲಿ ಒಂದು ವಸತಿಗೃಹ. ಹಾಗಾದರೆ ಬೆಟ್ಟ ಬರೀ ನೆಪ. ಅವಳೂ ಕಂಪಾಸೂ ಜಗಲಿಯಲ್ಲಿ ಕಾಲು ಚಾಚಿ ಕೂತು, ಅವಳು ಎಣಿಸಿ ಹಾಕಿದ್ದ ನಾಲ್ಕು ಪೆಪ್ಪರಮೆಂಟುಗಳನ್ನು ಎರಡೆರಡಾಗಿ ಹಂಚಿಕೊಳ್ಳುವುದನ್ನು ಕಂಡೆ. ಕಣ್ಣು ಮುಚ್ಚಿದರೂ ಕಂಡೆ. ಒಬ್ಬ ಗಿರಾಕಿಯ ಕೆಂಪು ಚೀಲಕ್ಕೆ ಹಸಿರು ಜಿಪ್ಪು ಹಾಕಿಬಿಟ್ಟೆ.

"ಚೀಲ ಹೊಲೀತಿದೀಯೋ ಬಾವುಟ ಹೊಲೀತಿದೀಯೋ?" ಎಂದಳು ಅಮ್ಮ.

ಎರಡನೆಯ ದಿನ ಮಧ್ಯಾಹ್ನದವರೆಗೂ ಚುಕ್ಕೆ ಅಲುಗಲಿಲ್ಲ. ತಡೆಯಲಾರದೆ ಆ ಫೋನಿಗೆ ಕರೆ ಮಾಡಿದೆ. ನಾಲ್ಕನೆಯ ಸಲಕ್ಕೆ ಒಂದು ಗಂಡು ದನಿ ಎತ್ತಿಕೊಂಡಿತು.

"ಯಾರು ನೀನು?" ಎಂದೆ.

"ಬೆಟ್ಟದ ಕೆಳಗಿನ ಅರಣ್ಯ ಚೌಕಿ ಗಾರ್ಡ್ ಸಾರ್. ನೀವು ಚೀಲ ಹೊಲಿಯೋರಾ?"

"ಹೂಂ."

"ಆ ಮೇಡಂ ಹೇಳಿದ್ರು, ನಮ್ಮನೆಯವರು ಫೋನ್ ಮಾಡ್ತಾರೆ, ಆಫ್ ಆದ್ರೆ ಗಾಬರಿಯಾಗ್ತಾರೆ, ಚಾರ್ಜಿಗೆ ಹಾಕಿಡಿ ಅಂತ. ನಿನ್ನೆಯಿಂದ ನನ್ನ ಫೋನಿಗೆ ಜಾಗ ಇಲ್ಲ ಸಾರ್, ಇಲ್ಲಿರೋದು ಒಂದೇ ಪ್ಲಗ್ಗು. ಅವರೆಲ್ಲ ನಿನ್ನೆ ಹನ್ನೊಂದೂವರೆಗೇ ಮೇಲೆ ಹೋದ್ರು."

ಕರೆ ಮುಗಿಸಿ ಕೆಂಪು ಚೀಲದ ಹಸಿರು ಜಿಪ್ಪು ಬಿಚ್ಚುತ್ತ ಕೂತೆ. ಅಮ್ಮ ಚಹಾ ತಂದಿಟ್ಟು, ಏನೂ ಕೇಳದೆ ಹೋದಳು. ಅಮ್ಮ ಏನೂ ಕೇಳದಿದ್ದರೆ ಎಲ್ಲ ಗೊತ್ತಾಗಿದೆ ಎಂದರ್ಥ.

ಮೂರನೆಯ ದಿನ ಸಂಜೆ ಅವಳು ಬಂದಳು. ಬಿಸಿಲಿಗೆ ಮೂಗು ಸುಟ್ಟು ಕೆಂಪಾಗಿತ್ತು.

"ಕಾಲು ನೆಟ್ಟಗಿದೆಯೇನೇ?" ಅಮ್ಮ ಕೇಳಿದಳು.

"ಇದೆ ಅತ್ತೆ."

ಫೋನನ್ನು ನನ್ನ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಚೀಲ ಇಳಿಸಿದಳು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಬೈಯಲಿಲ್ಲ. ಆಗ ಸೊಂಟಪಟ್ಟಿ ಕಣ್ಣಿಗೆ ಬಿತ್ತು. ನೀಲಿ ದಾರ. ಹೆಬ್ಬೆರಳಗಲದ ಹೊಲಿಗೆಗಳು, ಒಂದು ಮೇಲೆ ಒಂದು ಕೆಳಗೆ, ಪ್ರತಿ ತುದಿಗೂ ಕಡಲೆಕಾಳಿನಷ್ಟು ಗಂಟು. ನಾನು ಮಾಡಿದ ಚೀಲದ ಮೇಲೆ ಇನ್ನೊಬ್ಬನ ಕೈ ಓಡಾಡಿತ್ತು.

"ಯಾರು ಹೊಲ್ದಿದ್ದು?"

"ಅವರೇ. ಟೆಂಟಿಗೆ ಹಾಕೋ ದಾರದಲ್ಲಿ."

"ಒಳಗೆ ಏನಿದೆ? ಸ್ಪಂಜು ಇಲ್ಲೇ ಇದೆಯಲ್ಲ."

"ಅವರ ಕಾಲುಚೀಲ. ಒಗೆದಿದ್ದು. ಎಲುಬಿಗೆ ಒತ್ತುತ್ತೆ ಅಂತ ಮಡಚಿ ತುಂಬಿದ್ರು."

ಮೂರು ದಿನ. ನನ್ನ ಹೆಂಡತಿಯ ಸೊಂಟಕ್ಕೆ ಕಂಪಾಸಿನ ಕಾಲುಚೀಲ. ವಸತಿಗೃಹದ ಜಗಲಿ ನೆನೆದು ಉರಿದದ್ದೆಲ್ಲ ಇದರ ಮುಂದೆ ಯಾವ ಲೆಕ್ಕ. ಅಲ್ಲಿಯಾದರೂ ಎಲ್ಲ ನನ್ನ ಕಲ್ಪನೆ. ಇದನ್ನು ಮುಟ್ಟಬಹುದಿತ್ತು.

"ಕೊಡು, ಬಿಚ್ಚಿ ಸರಿ ಮಾಡ್ತೀನಿ."

"ಬೇಡ." ಚೀಲವನ್ನು ತನ್ನ ಕಡೆ ಎಳೆದುಕೊಂಡಳು. "ಚೌಕಿಯಲ್ಲಿ ಎಲ್ಲರ ಚೀಲಾನೂ ಕೊಕ್ಕೆಗೆ ಹಾಕಿ ತೂಗ್ತಾರೆ. ನಂದು ನೂರ ಎಂಬತ್ತಾರು ಗ್ರಾಂ ಜಾಸ್ತಿ ಬಂತು. ತಕ್ಕಡಿ ಕೆಟ್ಟಿದೆ ಅಂತ ಜಗಳ ಆಡಿದೆ ನಾನು. ನಮ್ಮನೆಯವರು ಮಾಡಿರೋ ಚೀಲ, ಒಂದು ಗ್ರಾಂ ಆಚೀಚೆ ಆಗಲ್ಲ ಅಂತ. ಆಮೇಲೆ ಪಟ್ಟಿ ಮುಟ್ಟಿ ನೋಡಿದೆ."

"ಅವರೆಲ್ಲ ಏನಂದ್ರು?"

"ಎಲ್ಲರೂ ಬೆಟ್ಟ ನೋಡಿದ್ರು."

ಅಷ್ಟು ಹೇಳಿ ಒಳಗೆ ಹೋದಳು. ಅವತ್ತಿನಿಂದ ಆ ಚೀಲ ನನ್ನ ಅಂಗಡಿಗೆ ಬರಲಿಲ್ಲ. ಬೀರುವಿನ ಮೇಲೆ, ಅವಳ ಬಟ್ಟೆಗಳ ಕಡೆ ಇತ್ತು. ಧೂಳು ಹೊಡೆಯಲೂ ನನ್ನನ್ನು ಕರೆಯಲಿಲ್ಲ.

ಆರು ತಿಂಗಳಾದ ಮೇಲೆ ಇನ್ನೊಂದು ಬೆಟ್ಟ. ಹೊರಡುವ ಬೆಳಿಗ್ಗೆ ಅವಳು ತುಂಬಿದ ಚೀಲವನ್ನು ತಂದು ನನ್ನ ಮಷಿನ್ ಪಕ್ಕದಲ್ಲೇ ಇಟ್ಟು, ಟವೆಲ್ ಹಿಡಿದು ಸ್ನಾನಕ್ಕೆ ಹೋದಳು. ಬಚ್ಚಲ ಬಾಗಿಲಿನ ಚಿಲಕ ಬಿದ್ದದ್ದು ಕೇಳಿಸಿತು. ಹೊಲಿಗೆ ಬಿಚ್ಚುವ ಕೊಕ್ಕೆ ನನ್ನ ಕೈಯಳತೆಯಲ್ಲೇ ಇತ್ತು. ನೀಲಿ ಹೊಲಿಗೆಗಳನ್ನು ಎಣಿಸಿದೆ. ಹದಿನಾಲ್ಕು. ಒಂದನ್ನು ಉಗುರಿನಲ್ಲಿ ಎಳೆದು ನೋಡಿದೆ. ದರಿದ್ರದ್ದು, ಜಗ್ಗಲಿಲ್ಲ.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಕೆಟ್ಟ ಹೊಲಿಗೆ" ಎಂದಳು. "ಆದ್ರೆ ನಿಂತಿದೆ ನೋಡು."

ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ.

ಅವಳು ಬಂದು, ತಲೆಗೂದಲಿನ ನೀರು ಇಳಿಯುತ್ತಿರುವಂತೆಯೇ, ನನ್ನ ಎದುರಿನಲ್ಲಿ ಚೀಲ ತೂಗಿದಳು. ಏಳು ಕಿಲೋ. ಮುಳ್ಳು ಅಲುಗಾಟ ನಿಲ್ಲಿಸುವವರೆಗೂ ಬಗ್ಗಿ ನೋಡುತ್ತಿದ್ದಳು. ಆಮೇಲೆ ಬೆನ್ನಿಗೇರಿಸಿ, ನನ್ನ ಕಡೆ ತಿರುಗಿ ನಿಂತಳು.

"ಬಕಲ್ ಹಾಕ್ತೀರಾ?"

ಎದ್ದು ಹೋಗಿ ಪಟ್ಟಿಯನ್ನು ಬಳಸಿ ಎಳೆದೆ. ಸೊಂಟದ ಎರಡೂ ಕಡೆ ಹೊರೆ ಸಮನಾಗಿ ಕೂತಿತು. ಬಲಗಡೆ ನನ್ನ ಹೆಬ್ಬೆರಳಿನ ಕೆಳಗೆ ಕಂಪಾಸಿನ ಗಂಟುಗಳು ಒಂದೊಂದಾಗಿ ಸಿಕ್ಕವು. ಟಕ್ ಎಂದು ಬಕಲ್ ಹಾಕಿದೆ.

"ಬಿಗಿಯಾಯ್ತಾ?" ಎಂದೆ.

"ಸರಿಯಾಗಿದೆ" ಎಂದಳು.