ಒರೆಸಿದ ಬಾಗಿಲು

ಒದ್ದೆ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿ, ಬೀರುವಿನ ಬಾಗಿಲ ಒಳಮೈಯಲ್ಲಿ ಉಳಿದಿದ್ದ ಸೀಮೆಸುಣ್ಣದ ಕೊನೆಯ ಸಾಲನ್ನೂ ಅವಳು ಒರೆಸಿಹಾಕಿದಳು. 17, 4. 22, 9. ಯಾವ ಕಾಲದ ಗಿರಾಕಿಗಳ ಅಳತೆಯೋ ಏನೋ.

ಬೀದಿಯವರಿಗೆ ಅತ್ತೆ ದೊಡ್ಡ ಸೂಜಿ, ಸೊಸೆ ಚಿಕ್ಕ ಸೂಜಿ. ಒಂದೇ ಹೊಲಿಗೆ ಯಂತ್ರ ಇಬ್ಬರ ಕಾಲನ್ನೂ ಕಂಡಿತ್ತು. ಈಗ ದೊಡ್ಡ ಸೂಜಿಗೆ ಕಣ್ಣಲ್ಲಿ ಪೊರೆ. ತಡವಿ ತಡವಿ ಗುಂಡಿ ಆರಿಸುವುದಷ್ಟೇ ಕೆಲಸ.

ಬೀರು ಒರೆಸುವ ದಿನವೇನೂ ಅಲ್ಲ ಇದು. ಚಿಕ್ಕ ಸೂಜಿಗೆ ಹೆದರಿಕೆಯಾದರೆ ಕೈ ಸುಮ್ಮನಿರುವುದಿಲ್ಲ. ಎಡ ಮೊಲೆಯಲ್ಲಿ ಅಂಗಿಯ ಗುಂಡಿಯಷ್ಟು ದಪ್ಪದ ಗಂಟು. ಚೂರು ತೆಗೆದು ಪರೀಕ್ಷೆ ಮಾಡಬೇಕು ಎಂದು ಡಾಕ್ಟರು ಕೊಟ್ಟ ಎರಡು ದಿನಗಳನ್ನು ಹೊಲಿಗೆಯ ನೆಪ ಹೇಳಿ ತಪ್ಪಿಸಿದ್ದಳು. ಮೂರನೆಯದು ನಾಳೆ ಬೆಳಿಗ್ಗೆ ಹತ್ತಕ್ಕೆ. ಗಂಡನಿಗೂ ಹೇಳಿರಲಿಲ್ಲ.

"ಅದೇನೇ ಪರಪರ ಸದ್ದು?" ಕಿಟಕಿಯ ಪಕ್ಕದಿಂದ ಅತ್ತೆ ಕೇಳಿದರು.

"ಬೀರು ಒರೆಸ್ದೆ ಅತ್ತೆ. ಬಾಗಿಲ ತುಂಬ ಹಳೇ ಅಳತೆ."

ಗುಂಡಿಗಳ ಸದ್ದು ನಿಂತಿತು. "ಅಳತೆ ಅಲ್ಲ ಕಣೇ. ತಾರೀಖು, ತಿಂಗಳು. ದೇವರು ನನ್ನ ಕೈ ಹಿಡಿದ ದಿನಗಳು. ಅಳತೆ ಬರೆದೂ ಬರೆದೂ ನನಗೆ ಬೇರೆ ಥರ ಬರೆಯೋಕೇ ಬರ್ತಿರಲಿಲ್ಲ."

ಅವಳು ಒರೆಸಿದ ಬಾಗಿಲ ಕಡೆ ತಿರುಗಿದಳು. "ಅಯ್ಯೋ, ನನ್ನ ಕೈಗೇನು ಬಂದಿತ್ತೋ! ಎಲ್ಲ ಹೋಯ್ತಲ್ಲ ಅತ್ತೆ."

ಅತ್ತೆ ನಕ್ಕುಬಿಟ್ಟರು. "ಎಲ್ಲಿಗೆ ಹೋಗುತ್ತೆ? ಅವನು ಮಾಡಿದ್ದನ್ನ ಒರೆಸೋಷ್ಟು ಸೋಪು ನಿನ್ನ ಹತ್ರ ಇಲ್ಲ ಬಿಡು. ಬಾ, ಕೂತ್ಕೋ."

ಬೆರಳು ಮಡಚುತ್ತ ಹೇಳತೊಡಗಿದರು. "ಹದಿನೇಳು, ನಾಲ್ಕು. ನಿನ್ನ ಗಂಡ ಮೂರು ವರ್ಷದ ಕೂಸು, ಜ್ವರ ಬಿಟ್ಟು ಕಣ್ಣು ತೆರೆದಿದ್ದು. ಮೂವತ್ತು, ಆರು. ನೀನು ಈ ಮನೆಗೆ ಬಂದಿದ್ದು."

"ನಾನೂನಾ?"

"ಮತ್ತೆ? ಗುಂಡಿಗೆ ನೆಟ್ಟಗೆ ಕಾಜಾ ಹೊಲಿಯೋಕೆ ಬರ್ತಿರಲಿಲ್ಲ, ಆದ್ರೂ ಬರ್ಕೊಂಡೆ. ಇಪ್ಪತ್ತೆರಡು, ಒಂಬತ್ತು. ನಿಮ್ಮ ಮಾವ ಹೋದ ದಿನ."

"ಅದ್ಯಾಕೆ ಅತ್ತೆ? ಅವತ್ತು ದೇವರು ಕೊಟ್ಟಿದ್ದೇನು?" ತನ್ನ ದನಿಯ ಮೊನಚು ಅವಳಿಗೇ ಕೇಳಿಸಿತು.

ಅತ್ತೆ ಬೇಸರಿಸಿಕೊಳ್ಳಲಿಲ್ಲ. "ಉಳಿಸ್ಕೊಡಪ್ಪಾ ಅಂತ ಬೇಡ್ಕೊಂಡಿದ್ದೆ. ಉಳಿಸ್ಲಿಲ್ಲ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಆಸ್ಪತ್ರೆ ಮೆಟ್ಟಿಲ ಮೇಲೆ ಕೂತವಳಿಗೆ ಕಾಲೇ ಏಳ್ತಿರಲಿಲ್ಲ. ಕಸ ಗುಡಿಸ್ತಿದ್ದ ಹೆಂಗಸು ಪೊರಕೆ ಕೆಳಗಿಟ್ಟು ಬಂದಳು. ಹೆಸರೂ ಕೇಳ್ಲಿಲ್ಲ. ನನ್ನ ಕೈ ಹಿಡ್ಕೊಂಡು ಮನೆ ಬಾಗಿಲ ತನಕ ನಡೆದಳು. ಅವಳನ್ನ ಕಳಿಸಿದ್ದು ಯಾರು ಅಂತ ನನಗೆ ಗೊತ್ತು. ಅದನ್ನೇ ಬರ್ಕೊಂಡೆ."

ಚಿಕ್ಕ ಸೂಜಿ ಒದ್ದೆ ಬಟ್ಟೆಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು. ಸೀರೆ ನೆನೆಯುತ್ತಿದ್ದುದೂ ತಿಳಿಯಲಿಲ್ಲ. ಎರಡು ತಿಂಗಳಿಂದ ಅವಳದು ಒಂದೇ ಪ್ರಾರ್ಥನೆ: ಇದು ಏನೂ ಆಗಿರದಿರಲಿ. ಉತ್ತರ ಏನು ಬರುವುದೋ ಎಂದು ಹೆದರಿ ಆಸ್ಪತ್ರೆಯ ಹಾದಿಯನ್ನೇ ಬಿಟ್ಟಿದ್ದಳು. ಹೆದರಿಕೆ ಈಗಲೂ ಹೋಗಿರಲಿಲ್ಲ. ಆದರೆ ಆ ಮೆಟ್ಟಿಲ ಮೇಲೂ ಅತ್ತೆಯ ಜೊತೆಗಿದ್ದವನು ನಾಳೆ ತನ್ನೊಬ್ಬಳನ್ನು ಬಿಟ್ಟು ಎಲ್ಲಿಗೆ ಹೋದಾನು?

ಬಾಗಿಲಲ್ಲಿ ಪಕ್ಕದ ಬೀದಿಯ ಮೇಷ್ಟ್ರು ನಿಂತಿದ್ದರು. "ಏನಮ್ಮಾ, ನನ್ನ ಕೋಟು ನಾಳೆ ಬೆಳಿಗ್ಗೆ ಸಿಗುತ್ತಾ?"

"ಬೆಳಿಗ್ಗೆ ಆಗಲ್ಲ ಮೇಷ್ಟ್ರೇ, ಸಂಜೆ ಬನ್ನಿ."

ಅತ್ತೆ ತಲೆಯೆತ್ತಿದರು. "ಬೆಳಿಗ್ಗೆ ಏನಿದೆಯೇ?"

"ಸ್ವಲ್ಪ ಹೊರಗೆ ಕೆಲಸ ಅತ್ತೆ," ಎಂದಷ್ಟೇ ಹೇಳಿ ಅವಳು ಬಕೆಟ್ಟಿನ ನೀರು ಚೆಲ್ಲಲು ಎದ್ದಳು.