ಗೂಡಿನ ಬಟ್ಟಲು

ರಾಟಿ ಯಾಕೆ ನಿಂತಿತು, ಅದು ಕಿರ್ರೆನ್ನದಿದ್ದರೆ ನನ್ನ ಓದೂ ಸಾಗದು — ಊರಹೊರಗಿನ ಕೇರಿಯಿಂದ ಕಾಂಡಿಗೆ ನೂಲು ಸುತ್ತಲು ಬರುವ ದುರ್ಗವ್ವ ಕೆಲಸ ಬಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದಾಳೆ, ಹೊರಗಟ್ಟೆಯಲ್ಲಿ ಅವಳು, ಹೊಸ್ತಿಲೊಳಗೆ ನಾನು, ನಡುವೆ ಕೊಲ್ಹಾಪುರದ ವಾಚನಾಲಯದಿಂದ ಮೂರನೆಯ ಸಲ ತರಿಸಿದ, ಇಂಗ್ಲಿಷಿನಿಂದ ಮರಾಠಿಗೆ ಬಂದ ಕಾದಂಬರಿ, ಅವಳಿಗೆ ಕನ್ನಡದಲ್ಲಿ ಹೇಳುತ್ತ ಓದುತ್ತೇನೆ, ಮುಂದ ಏನಾತ್ರಿ ಅಕ್ಕಾರ, ಆ ಕರೀ ಮನಷಾನ್ನ ಬಿಟ್ರೇನು, ಬಿಡಲಿಲ್ಲ ದುರ್ಗವ್ವ, ಮಾಡದ ಕಳವಿಗೆ ಜೇಲಿಗೆ ಹಾಕಿದರು, ಎಂದೋ ಯಾವುದೋ ದೇಶದಲ್ಲಿ ಬರೆದದ್ದು, ಆದರೂ ಈ ಪುಟಕ್ಕೆ ಬಂದರೆ ಕಣ್ಣೊರೆಸಿಕೊಳ್ಳುತ್ತೇನೆ, ಓದಿದ್ದನ್ನ ಮತ್ತ ಏನ್ ಓದ್ತೀ ಶಾಲನ, ಕತಿ ಬದಲಾಗತೈತೇನು, ಎಂದು ನಮ್ಮವರು ನಗುತ್ತಾರೆ, ಬದಲಾಗುವುದಿಲ್ಲ, ಮತ್ತೆ ಈ ಪುಟದ ಅಂಚೇ ಯಾಕೆ ಇಷ್ಟು ಸವೆದಿದೆ, ಕಾಗಲದಲ್ಲಿ, ಗಡಹಿಂಗ್ಲಜದಲ್ಲಿ ಕೂತು ಇದನ್ನೇ ಓದುತ್ತ ಯಾರ‍್ಯಾರು ಅತ್ತರೋ, ಯಾಕೆ ಅತ್ತರೋ — ಆ ಊರಾಗ ಕರೀ ಮಂದಿಗೆ ಚಾ ಹೆಂಗ ಕೊಡ್ತಿದ್ರೀ ಅಕ್ಕಾರ, ಮೂರು ಸಲ ಓದಿದರೂ ನನಗೆ ಹೊಳೆಯದ ಪ್ರಶ್ನೆ, ಕಣ್ಣು ತಾನಾಗಿ ಹೊರಗೋಡೆಯ ಗೂಡಿಗೆ ಹೋಗುತ್ತದೆ, ಬೋರಲು ಹಾಕಿದ, ಹಿಡಿ ಮುರಿದ ಪಿಂಗಾಣಿ ಬಟ್ಟಲು, ಅವಳದು, ಅವಳೇ ತೊಳೆದು ಅವಳೇ ಇಡುವುದು, ನಾನು ತಾಗದಂತೆ ಮೇಲಿನಿಂದ ಚಹ ಸುರಿಯುವುದು, ಏಳು ವರ್ಷದಿಂದ, ಕಣ್ಣೊರೆಸಿಕೊಂಡ ಇದೇ ಕೈಯಿಂದ, ಅವಳು ಕಾಂಡಿ ಸುತ್ತಬಹುದು, ಮಗ್ಗದ ಹತ್ತಿರ ಬರಬಾರದು, ಲಾಳಿಯ ತೂತಿನಿಂದ ನೂಲನ್ನು ಬಾಯಿಂದ ಹೀರಿ ಎಳೆಯಬೇಕಲ್ಲ, ಅವಳ ಎಂಜಲು ತಾಗುತ್ತದಂತೆ, ಇರುವೆಯನ್ನೂ ತುಳಿಯದ ಜೈನರ ಮನೆ ನಮ್ಮದು, ಥೂ, ನಾಚಿಕೆಯಾಗುತ್ತದೆ.

ಎದ್ದು ಒಳಗೆ ಹೋದೆ, ಚಹ ಸೋಸಿದೆ, ನನ್ನದೇ ಹೂವಿನ ಕಪ್-ಬಶಿಯಲ್ಲಿ ತಂದು ಹಿಡಿದೆ, ಏನೋ ಘನಕಾರ್ಯ ಮಾಡಿದವಳಂತೆ, ದುರ್ಗವ್ವ ಕೈ ಹಿಂದಕ್ಕೆಳೆದುಕೊಂಡಳು, ಬ್ಯಾಡ್ರಿ ಅಕ್ಕಾರ, ನಿಮ್ಮ ಅತ್ತಿಯವ್ರು ಬಸದಿಯಿಂದ ಬರೂ ಹೊತ್ತಾತು, ನೋಡಿದ್ರ ನಿಮಗ ಎರಡ ಮಾತ ಅಂತಾರ, ನನ್ನ ಕೆಲಸಾನ ಹೋಗತೈತಿ — ಇದೂ ನನಗೆ ಹೊಳೆಯಲಿಲ್ಲ, ಕತೆ ಓದಿ ಧೈರ್ಯ ಬಂದದ್ದು ನನಗೆ, ಅದರ ಬೆಲೆ ತೆರುವವಳು ಅವಳು, ಎದ್ದು ಗೂಡಿನಿಂದ ಬಟ್ಟಲು ತೆಗೆದಳು, ಸೆರಗಿನಿಂದ ಒರೆಸಿ ಕೆಳಗೆ ಹಿಡಿದಳು, ಹಾಕ್ರಿ, ಆರತೈತಿ, ಆಮ್ಯಾಲ ಮುಂದ ಓದ್ರಿ, ಅವನ ಹೇಣ್ತಿ ಏನ್ ಮಾಡಿದ್ಳು, ಅಂಗಳದ ಬಾಗಿಲು ಸದ್ದಾಯಿತು, ಅತ್ತೆ ರಾಜಮತಿಯ ಕೆಮ್ಮು, ಹೂವಿನ ಕಪ್ ನನ್ನ ಕೈಯಲ್ಲಿದೆ, ಎಷ್ಟು ಎತ್ತರದಿಂದ ಸುರಿಯಲಿ, ಸುರಿಯಲೇ, ಹಾಕ್ರಿ ಅಕ್ಕಾರ, ಲಗೂನ, ಕೆಳಗೆ ಬಟ್ಟಲು, ಹಿಡಿ ಇಲ್ಲದ ಬಟ್ಟಲು, ಎರಡೂ ಕೈಯಲ್ಲಿ ಹಿಡಿದೇ ಇದ್ದಾಳೆ, ಬಟ್ಟಲು —